ಮಲೆನಾಡಿನ ಮನೆಯಲ್ಲಿ ಪೆಲೆಟ್ ಒಲೆ: ಶುಚಿ, ನಿರ್ವಹಣೆ, ಮಳೆಗಾಲ – ಪದೇ ಪದೇ ಕೇಳುವ ಪ್ರಶ್ನೆಗಳು

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲು ಭಾಗವೂ ಬೀಳುವುದಿಲ್ಲ. ಎರಡೂ ಕಡೆ ಒಂದೇ ಕಂಪನಿಯ ಪೆಲೆಟ್ ಒಲೆ ತಂದಿಟ್ಟರೂ ನೋಡಿಕೊಳ್ಳುವ ಕ್ರಮ ಬೇರೆ ಬೇರೆಯೇ ಆಗಬೇಕು. ಒಲೆಯ ಜೊತೆ ಬರುವ ಕೈಪಿಡಿಯಲ್ಲಿ ಇದರ ಸುಳಿವು ಸಿಗುವುದಿಲ್ಲ. ಅದನ್ನು ಬರೆದವರ ಕಣ್ಣಮುಂದೆ ಇರುವುದು ಯುರೋಪು, ಅಮೆರಿಕದ ಒಣ ಚಳಿ. ನಮ್ಮಲ್ಲಿ ಒಲೆ ಬೇಕೆನಿಸುವುದೇ ಆರಿದ್ರಾ ಮಳೆ ಹಿಡಿದ ಮೇಲೆ, ಹಾಸಿಗೆಯಿಂದ ಹಿಡಿದು ಉಪ್ಪಿನ ಭರಣಿಯವರೆಗೆ ಎಲ್ಲವೂ ಪಸೆ ಹೀರಿಕೊಂಡು ಕೂತಿರುವಾಗ. ಕೆಳಗಿನ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಕೊನೆಗೆ ಬಂದು ನಿಲ್ಲುವುದು ಈ ಥಂಡಿಯ ಹತ್ತಿರವೇ.

ಪೆಲೆಟ್ ಒಲೆ ಎಂದರೆ ಯಾವುದು? ನಮ್ಮ ಅಸ್ತ್ರ ಒಲೆಗಿಂತ ಹೇಗೆ ಬೇರೆ?

ಮರದ ಪುಡಿಯನ್ನು ಭಾರಿ ಒತ್ತಡದಲ್ಲಿ ಅಚ್ಚಿನಿಂದ ಹಾಯಿಸಿ ಮಾಡಿದ ಗುಳಿಗೆಗಳೇ ಪೆಲೆಟ್. ನೋಡಲು ದನಕ್ಕೆ ಹಾಕುವ ಫೀಡಿನ ಹಾಗೆ. ಸಾಮಾನ್ಯವಾಗಿ 6 ಇಲ್ಲವೇ 8 ಮಿಲಿಮೀಟರ್ ದಪ್ಪ. ಇದನ್ನು ಉರಿಸುವ ಒಲೆಗಳಲ್ಲಿ ಮನೆ ಬಳಕೆಗೆ ಎರಡು ಬಗೆ ಇವೆ.

ಮೊದಲನೆಯದು ಕೋಣೆ ಬೆಚ್ಚಗೆ ಮಾಡುವ ದೊಡ್ಡ ಒಲೆ. ಹಿಂಭಾಗದಲ್ಲಿ ಪೆಲೆಟ್ ಸುರಿಯುವ ಹಾಪರ್, ಅದರ ತಳದಲ್ಲಿ ಪೆಲೆಟನ್ನು ಸ್ವಲ್ಪ ಸ್ವಲ್ಪವೇ ಮುಂದೆ ತಳ್ಳುವ ಸ್ಕ್ರೂ, ಮುಂದೆ ತೂತುಗಳಿರುವ ಉರಿ ಬಟ್ಟಲು, ಗಾಜಿನ ಬಾಗಿಲು, ಹೊಗೆ ಎಳೆಯಲು ಒಂದು ಫ್ಯಾನು, ಬಿಸಿಗಾಳಿ ಊದಲು ಇನ್ನೊಂದು. ತೀರ್ಥಹಳ್ಳಿ, ಸಾಗರದ ಕಡೆಯ ಹೋಂಸ್ಟೇಗಳಿಗೆ ಹೊಂದುವ ಒಲೆ ಇದು.

ಎರಡನೆಯದು ಚಿಕ್ಕ ಫ್ಯಾನಿನ ಅಡುಗೆ ಒಲೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ಇಂಥದ್ದೊಂದು ಒಲೆ 2006ರಲ್ಲಿ ಊರ್ಜಾ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದಿತ್ತು. ಅಸ್ತ್ರ ಒಲೆಯೂ ಅದೇ ಸಂಸ್ಥೆಯ ಕೂಸು. 1974ರಲ್ಲಿ ಅಲ್ಲಿ ಶುರುವಾದ ಅಸ್ತ್ರ ವಿಭಾಗದ ಹೆಸರನ್ನೇ ಹೊತ್ತು ನಮ್ಮ ಅಡುಗೆಮನೆಗಳಿಗೆ ಬಂತು. ಅಸ್ತ್ರ ಒಲೆಗೆ ಸೌದೆ ಸೀಳಿ ಹಾಕಿದರೆ ಆಯಿತು, ಗಾಳಿಯನ್ನು ಚಿಮಣಿಯೇ ಎಳೆದುಕೊಳ್ಳುತ್ತದೆ. ಪೆಲೆಟ್ ಒಲೆಗೆ ಫ್ಯಾನು ಬೇಕು, ಫ್ಯಾನಿಗೆ ಕರೆಂಟು ಇಲ್ಲವೇ ಬ್ಯಾಟರಿ ಬೇಕು. ಗಾಳಿಯ ದಾರಿಯಲ್ಲಿ ಬೂದಿ ಕೂತರೆ ಸೌದೆ ಒಲೆ ಹೇಗೋ ಸುಧಾರಿಸಿಕೊಂಡು ಉರಿಯುತ್ತದೆ, ಪೆಲೆಟ್ ಒಲೆ ಮುಷ್ಕರ ಹೂಡುತ್ತದೆ.

ದಿನಾ ಎಷ್ಟು ಶುಚಿ ಮಾಡಬೇಕು? ವಾರಕ್ಕೊಮ್ಮೆ ಸಾಲದೇ?

ಉರಿ ಬಟ್ಟಲನ್ನು ಮಾತ್ರ ದಿನಾ ನೋಡಲೇಬೇಕು. ಬೆಳಿಗ್ಗೆ ಒಲೆ ಪೂರ್ತಿ ತಣ್ಣಗಿರುವಾಗ ಬಟ್ಟಲನ್ನು ಎತ್ತಿ ಬೆಳಕಿಗೆ ಹಿಡಿಯಿರಿ. ತಳದ ತೂತುಗಳೆಲ್ಲ ಆರಪಾರ ಕಾಣಬೇಕು. ಕಾಣದಿದ್ದರೆ ಒಂದು ಹಳೆ ಮೊಳೆ ತೆಗೆದುಕೊಂಡು ಒಂದೊಂದೇ ತೂತಿಗೆ ತಿರುವಿ, ಬಟ್ಟಲನ್ನು ಬೋರಲು ಹಾಕಿ ಎರಡು ಸಲ ತಟ್ಟಿ. ವಾಪಸ್ ಕೂರಿಸುವಾಗ ಕೆಳಗೆ ಒಂದು ಚೂರು ಬೂದಿಯೂ ಇರದಂತೆ ಒರೆಸಿ, ಒತ್ತಿ ಕೂರಿಸಿ. ಬಟ್ಟಲು ಕೂದಲೆಳೆಯಷ್ಟು ಎದ್ದು ಕೂತರೂ ಗಾಳಿ ತೂತಿನಿಂದ ಬರುವ ಬದಲು ಸಂದಿಯಿಂದ ನುಸುಳುತ್ತದೆ, ಉರಿ ಸೋಮಾರಿಯಾಗುತ್ತದೆ. ಹೊತ್ತಿಸುವ ಕಡ್ಡಿ, ಅಂದರೆ ಇಗ್ನೈಟರ್, ಇರುವ ತೂತು ಬಟ್ಟಲಿನ ತೂತಿಗೆ ಸರಿಯಾಗಿ ಕೂಡಿದೆಯೇ ಎಂದೂ ನೋಡಿಕೊಳ್ಳಿ. "ಒಲೆ ಹೊತ್ತಿಕೊಳ್ಳುವುದೇ ಇಲ್ಲ ಮಾರಾಯ್ರೆ, ರಿಪೇರಿಯವರನ್ನು ಕಳಿಸಿ" ಎಂಬ ಫೋನು ಬಂದರೆ ಮೊದಲು ಕೇಳಬೇಕಾದ ಪ್ರಶ್ನೆ ಅದೇ.

ಬೂದಿ ತಟ್ಟೆ ಎರಡು ಮೂರು ದಿನಕ್ಕೊಮ್ಮೆ ಖಾಲಿಯಾದರೆ ಸಾಕು, ಮಳೆಗಾಲ ಬಿಟ್ಟು. ಮಳೆಗಾಲದಲ್ಲಿ ತಟ್ಟೆಯಲ್ಲಿ ಬೂದಿ ಉಳಿಸಬೇಡಿ. ಬೂದಿ ಗಾಳಿಯ ಪಸೆ ಎಳೆದುಕೊಂಡು ಕ್ಷಾರದ ಕೆಸರಾಗುತ್ತದೆ. ಆ ಕೆಸರು ಕಬ್ಬಿಣಕ್ಕೆ ಅಂಟಿ ಕೂತರೆ ತುಕ್ಕು ಹಿಡಿಯಲು ಬೇರೆ ಏನೂ ಬೇಡ. ಬೆಂಕಿಯಿಂದ ಸವೆಯುವ ಒಲೆಗಿಂತ ಬೂದಿಯಿಂದ ಸವೆಯುವ ಒಲೆಯೇ ಮಲೆನಾಡಿನಲ್ಲಿ ಹೆಚ್ಚು.

ಒಲೆಯ ಪಕ್ಕ ಹೊರಗೆ ಚಾಚಿಕೊಂಡ ಸರಳು ಇದ್ದರೆ, ಅದು ಒಳಗಿನ ಶಾಖದ ಕೊಳವೆಗಳ ಮೇಲೆ ಕೂತ ಬೂದಿ ಕೆರೆಯುವ ಸರಳು. ಒಲೆ ತಣ್ಣಗಿರುವಾಗ ದಿನಕ್ಕೊಮ್ಮೆ ನಾಲ್ಕೈದು ಸಲ ಎಳೆದು ಬಿಡಿ.

ಉರಿ ಬಟ್ಟಲಿನಲ್ಲಿ ಗಾಜಿನಂಥ ಗಟ್ಟಿ ಹೆಂಟೆ ಕಟ್ಟುತ್ತದೆ. ಏನದು?

ಕಿಟ್ಟ. ಬೂದಿ ಕರಗಿ ಮತ್ತೆ ಹೆಪ್ಪುಗಟ್ಟಿದ್ದು. ಶುದ್ಧ ಮರದ ಬೂದಿ ಸಾಮಾನ್ಯವಾಗಿ ಈ ಒಲೆಯ ಶಾಖಕ್ಕೆ ಕರಗುವುದಿಲ್ಲ. ಪೆಲೆಟಿನಲ್ಲಿ ತೊಗಟೆ, ಮಣ್ಣು, ಬೆಳೆಯ ತ್ಯಾಜ್ಯ ಸೇರಿದ್ದರೆ ಪೊಟ್ಯಾಸಿಯಂ ಮತ್ತು ಸಿಲಿಕಾ ಹೆಚ್ಚಿ ಬೂದಿ ಬೇಗ ಕರಗುತ್ತದೆ. ಯುರೋಪಿನ ಇಎನ್‌ಪ್ಲಸ್ ಎ1 ದರ್ಜೆಯ ಪೆಲೆಟ್‌ನಲ್ಲಿ ಬೂದಿ ಶೇ 0.7ಕ್ಕಿಂತ ಹೆಚ್ಚು ಇರುವಂತಿಲ್ಲ. ಭತ್ತದ ಹೊಟ್ಟಿನಲ್ಲಿ ಬೂದಿಯೇ ಶೇ 20ರ ಆಸುಪಾಸು. ಇದನ್ನು ಬೆರೆಸಿದ ಪೆಲೆಟ್ ಕಡಿಮೆ ಬೆಲೆಗೆ ಸಿಕ್ಕಿತೆಂದು ತಂದರೆ ಉಳಿದ ದುಡ್ಡು ಬಟ್ಟಲು ಕೆರೆಯುವ ಕೂಲಿಗೆ ಸಮ.

ತಣ್ಣಗಾದ ಮೇಲೆ ಚಪ್ಪಟೆ ಸ್ಕ್ರೂಡ್ರೈವರಿನಿಂದ ಮೀಟಿದರೆ ಹೆಂಟೆ ಹಾಗೇ ಎದ್ದು ಬರುತ್ತದೆ. ಸುತ್ತಿಗೆ ಬೇಡ. ಪೆಲೆಟ್ ಬದಲಿಸಿದರೂ ಕಿಟ್ಟ ಕಟ್ಟುತ್ತಲೇ ಇದ್ದರೆ ಗಾಳಿ ಸಾಲುತ್ತಿಲ್ಲ ಎಂದರ್ಥ. ಹೊಗೆ ದಾರಿ ನೋಡಿ.

ಗಾಜು ಒಂದೇ ದಿನಕ್ಕೆ ಕಪ್ಪಾಗುತ್ತದೆ. ಯಾವ ಲಿಕ್ವಿಡ್ ಒಳ್ಳೆಯದು?

ಯಾವುದೂ ಬೇಡ. ಒಲೆ ತಣ್ಣಗಿರುವಾಗ ಒದ್ದೆ ಪೇಪರಿನ ಉಂಡೆಯನ್ನು ಒಲೆಯದೇ ನುಣ್ಣನೆ ಬೂದಿಯಲ್ಲಿ ಅದ್ದಿ ಉಜ್ಜಿ. ಆಮೇಲೆ ಒದ್ದೆ ಬಟ್ಟೆ, ಕೊನೆಗೆ ಒಣ ಬಟ್ಟೆ. ಕಂಚು ಹಿತ್ತಾಳೆ ಬೆಳಗಿದ ಕೈಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಬೂದಿಯ ಕ್ಷಾರಕ್ಕೆ ಚರ್ಮ ಒಡೆಯುವವರು ಗ್ಲೌಸ್ ಹಾಕಿಕೊಳ್ಳಿ. ಪಾತ್ರೆ ತಿಕ್ಕುವ ಸ್ಟೀಲ್ ನಾರು ತಾಗಿಸಿದರೆ ಗೀರು ಬೀಳುತ್ತದೆ. ಬಿಸಿ ಗಾಜಿಗೆ ನೀರು ತಾಗಿಸಲೇಬಾರದು.

ತೆಳ್ಳಗೆ ಬಿಳಿ ಬೂದು ಪುಡಿ ಕೂತರೆ ಅದು ಮಾಮೂಲು. ಕಾಡಿಗೆಯಂಥ ಕಪ್ಪು ಕೂತರೆ ಉರಿಗೆ ಗಾಳಿ ಸಾಲದು, ಇಲ್ಲವೇ ಪೆಲೆಟ್ ಥಂಡಿ ಹಿಡಿದಿದೆ. ಉರಿಯ ಬಣ್ಣವೂ ಅದನ್ನೇ ಹೇಳುತ್ತದೆ: ಚುರುಕಾದ ಹೊಳೆಯುವ ಉರಿ ಸರಿ; ಕೆಂಪಡರಿ, ತುದಿಯಲ್ಲಿ ಹೊಗೆಯಾಡುತ್ತಾ ಓಲಾಡುವ ಉರಿ ಸರಿಯಲ್ಲ.

ಮಳೆಗಾಲದಲ್ಲಿ ಪೆಲೆಟ್ ಚೀಲ ಎಲ್ಲಿಡುವುದು?

ಇದಕ್ಕೆ ಸ್ವಲ್ಪ ಉದ್ದ ಉತ್ತರ ಬೇಕು. ಪೆಲೆಟನ್ನು ಹಿಡಿದಿಟ್ಟಿರುವುದು ಅಂಟಲ್ಲ, ಮರದಲ್ಲೇ ಇರುವ ಲಿಗ್ನಿನ್. ಅಚ್ಚಿನ ಬಿಸಿಗೆ ಅದು ಮೆದುವಾಗಿ, ಆರಿದಾಗ ಪುಡಿಯನ್ನು ಬಿಗಿಯಾಗಿ ಹಿಡಿಯುತ್ತದೆ. ನೀರು ತಾಗಿದರೆ ಹಿಡಿತ ಬಿಡುತ್ತದೆ. ಒಳ್ಳೆಯ ಪೆಲೆಟ್‌ನಲ್ಲಿ ತೇವ ಶೇ 10ರ ಒಳಗಿರಬೇಕು. ಪುಷ್ಯ ಮಳೆಯ ಹೊತ್ತಿಗೆ ಹೊಸನಗರದ ಯಾವ ಕೋಣೆಯಲ್ಲಿ ಬಾಯಿ ಬಿಚ್ಚಿಟ್ಟ ಚೀಲವೂ ಆ ಲೆಕ್ಕದಲ್ಲಿ ಉಳಿಯದು.

ಕೊಟ್ಟಿಗೆ ಬೇಡ, ಸೌದೆ ಕೊಟ್ಟಿಗೆಯಂತೂ ಬೇಡವೇ ಬೇಡ. ಸೌದೆ ಒಂದು ಮಳೆ ತಡೆಯುತ್ತದೆ, ಪೆಲೆಟ್ ಒಂದು ಎರಚಲು ತಡೆಯುವುದಿಲ್ಲ. ಜಗಲಿಯೂ ಬೇಡ. ಒಳಗಿನ ಕೋಣೆಯಲ್ಲಿ ನೆಲಕ್ಕೆ ಹಲಗೆ ಹಾಕಿ, ಗೋಡೆಯಿಂದ ಒಂದು ಗೇಣು ದೂರ ಜೋಡಿಸಿ. ಮಣ್ಣು, ಜಂಬಿಟ್ಟಿಗೆ ಗೋಡೆಗಳು ಮಳೆಗಾಲ ಪೂರ್ತಿ ಬೆವರುತ್ತಿರುತ್ತವೆ, ತಾಗಿಸಿಟ್ಟ ಚೀಲಕ್ಕೆ ಹಿಂಬದಿಯಿಂದಲೇ ಪಸೆ ಏರುತ್ತದೆ. ಹಳೆ ಮನೆಗಳಲ್ಲಿ ಅಡುಗೆಮನೆಯ ಮೇಲಿನ ಅಟ್ಟ ಒಣಗಿರುತ್ತದೆ, ಅಡಿಕೆ ಇಟ್ಟ ಜಾಗ ಪೆಲೆಟಿಗೂ ಆಗುತ್ತದೆ. ಆದರೆ ತೂಕ ನೋಡಿಕೊಳ್ಳಿ. ಬಿಚ್ಚಿದ ಚೀಲವನ್ನು ಮುಚ್ಚಳ ಬಿಗಿಯಾಗುವ ಪ್ಲಾಸ್ಟಿಕ್ ಡ್ರಮ್ಮಿಗೆ ಸುರಿದುಬಿಡಿ. ಇಲಿ ಕಾಟಕ್ಕೂ ಅದೇ ಮದ್ದು.

ಮಳೆಗಾಲಕ್ಕೆ ಬೇಕಾದಷ್ಟನ್ನು ಮೇ ತಿಂಗಳ ಒಳಗೆ ತಂದಿಟ್ಟುಕೊಳ್ಳುವುದು ಜಾಣತನ. ಜುಲೈನಲ್ಲಿ ತಾಡಪಾಲಿನ ಕೆಳಗೆ ಬಂದ ಲೋಡಿನ ಮೇಲೆ ನನಗೆ ನಂಬಿಕೆ ಇಲ್ಲ.

ತರುವ ಮೊದಲು ಒಂದು ಚೀಲ ಬಿಚ್ಚಿಸಿ ನೋಡಿ. ಒಳ್ಳೆಯ ಪೆಲೆಟ್ ಮೇಲೆ ಹೊಳಪಿರುತ್ತದೆ, ಮುರಿದರೆ ಟಕ್ಕೆನ್ನುತ್ತದೆ, ನೀರಿಗೆ ಹಾಕಿದರೆ ಮುಳುಗುತ್ತದೆ, ಆಮೇಲೆ ಉಬ್ಬಿ ಪುಡಿಯಾಗುತ್ತದೆ. ಚೀಲದ ತಳದಲ್ಲಿ ಹಿಡಿಗಟ್ಟಲೆ ಪುಡಿ ಇದ್ದರೆ ಬೇಡ ಎನ್ನಿ.

ಥಂಡಿ ಹಿಡಿದ ಪೆಲೆಟನ್ನು ಬಿಸಿಲಿಗೆ ಹರವಿ ಒಣಗಿಸಿದರೆ ಸರಿಯಾಗುತ್ತದೆಯೇ?

ಇಲ್ಲ. ಉಬ್ಬಿದ್ದು ಒಣಗಿದರೂ ಉಬ್ಬಿಯೇ ಇರುತ್ತದೆ, ಕೈಯಲ್ಲಿ ಹಿಡಿದರೆ ಉದುರುತ್ತದೆ. ಬಚ್ಚಲೊಲೆಗೆ ಹಾಕಿ, ಹಂಡೆ ನೀರು ಕಾಯಲಿ.

ಹಾಪರ್ ತುಂಬ ಪೆಲೆಟ್ ಇದೆ, ಬಟ್ಟಲಿಗೆ ಮಾತ್ರ ಬೀಳುತ್ತಿಲ್ಲ. ಮೋಟರ್ ಹೋಯಿತೇ?

ಮೋಟರಿನ ಮೇಲೆ ಅನುಮಾನ ಕೊನೆಗಿರಲಿ. ಪ್ರತಿ ಚೀಲದಲ್ಲೂ ಒಂದಿಷ್ಟು ಪುಡಿ ಇರುತ್ತದೆ. ಮೇಲಿಂದ ಮೇಲೆ ಪೆಲೆಟ್ ಸುರಿಯುತ್ತಾ ಹೋದರೆ ಆ ಪುಡಿಯೆಲ್ಲ ಹಾಪರಿನ ತಳಕ್ಕಿಳಿದು ಸ್ಕ್ರೂ ಸುತ್ತ ಸೇರಿಕೊಳ್ಳುತ್ತದೆ. ಒಣ ಹವೆಯಲ್ಲಿ ಅದು ಪೆಲೆಟ್ ಜೊತೆಗೇ ಉರಿದುಹೋಗುತ್ತದೆ. ನಮ್ಮಲ್ಲಿ ಎರಡು ದಿನ ಒಲೆ ಹಚ್ಚದೆ ಬಿಟ್ಟರೆ ಪಸೆ ಎಳೆದು ಉಬ್ಬಿ, ಸ್ಕ್ರೂವಿನ ಎಲೆಗಳ ನಡುವೆ ಗಾರೆಯಾಗಿ ಕೂರುತ್ತದೆ. ಮೋಟರ್ ಗುಂಯ್ ಎನ್ನುತ್ತದೆ, ಸ್ಕ್ರೂ ತಿರುಗುವುದಿಲ್ಲ.

ಪ್ಲಗ್ ತೆಗೆಯಿರಿ. ಪೆಲೆಟೆಲ್ಲ ಮೊಗೆದು ತೆಗೆಯಿರಿ. ತಳದ ಗಟ್ಟಿ ಪುಡಿಯನ್ನು ಮರದ ಕಡ್ಡಿಯಿಂದ ಬಿಡಿಸಿ, ಹೀರುವ ಯಂತ್ರದಿಂದ ಹೀರಿಸಿ. ನೀರು, ಎಣ್ಣೆ ಏನನ್ನೂ ಸುರಿಯಬೇಡಿ. ಹಾಗೂ ಬಿಡದಿದ್ದರೆ ಸ್ಕ್ರೂ ಬಿಚ್ಚಿಸಬೇಕು, ಅದು ಮೆಕ್ಯಾನಿಕ್ ಕೆಲಸ. ಪುಡಿಯನ್ನು ಮೊದಲೇ ತಡೆಯಲು ಮನೆಯಲ್ಲಿರುವ ದೊಡ್ಡ ಕಣ್ಣಿನ ಜರಡಿಯಲ್ಲಿ ಪೆಲೆಟನ್ನು ಒಂದು ಸಲ ಆಡಿಸಿ ಹಾಕಿ. ಮದುವೆ ಮುಂಜಿಗೆಂದು ನಾಲ್ಕು ದಿನ ಊರಿಗೆ ಹೊರಟಿರೋ, ಹಾಪರ್ ಖಾಲಿ ಮಾಡಿ ಹೊರಡಿ.

ಬೂದಿ ತೆಗೆಯಲು ಮನೆಯ ವ್ಯಾಕ್ಯೂಮ್ ಕ್ಲೀನರ್ ಆಗದೇ?

ಆಗದು. ನುಣ್ಣನೆ ಬೂದಿ ಅದರ ಫಿಲ್ಟರ್ ದಾಟಿ ಮನೆಯೆಲ್ಲ ಹರಡುತ್ತದೆ. ಬೂದಿಯೊಳಗೆ ಜೀವ ಹಿಡಿದ ಒಂದು ಕೆಂಡ ಸಾಕು, ಚೀಲಕ್ಕೆ ಬೆಂಕಿ ಹತ್ತಲು. ಬೂದಿಗೆಂದೇ ಮಾಡಿದ ಲೋಹದ ಡಬ್ಬಿಯ ವ್ಯಾಕ್ಯೂಮ್ ಸಿಗುತ್ತದೆ. ಅದಕ್ಕೂ ತಣ್ಣನೆ ಬೂದಿಯನ್ನೇ ಕೊಡಬೇಕು. ಇಲ್ಲದಿದ್ದರೆ ಎರಡಿಂಚಿನ ಪೇಂಟ್ ಬ್ರಶ್ಶು, ತಗಡಿನ ಮೊರ ಸಾಕು.

ಚಿಮಣಿ ಎಷ್ಟು ದಿನಕ್ಕೊಮ್ಮೆ ಗುಡಿಸಬೇಕು?

ವರ್ಷಕ್ಕೊಮ್ಮೆಯಂತೂ ಬೇಕು, ಸುಮಾರು ಒಂದು ಟನ್ ಪೆಲೆಟ್ ಉರಿದಾಗೊಮ್ಮೆ ಮಾಡಿದರೆ ಇನ್ನೂ ಒಳ್ಳೆಯದು. ಬಚ್ಚಲೊಲೆ ಚಿಮಣಿಯಲ್ಲಿ ಕಟ್ಟುವ ಹಾಗೆ ಜಿಗುಟು ಮಸಿ ಇಲ್ಲಿ ಕಡಿಮೆ. ಕೂರುವುದು ಹೆಚ್ಚಾಗಿ ಹಾರು ಬೂದಿ, ಅದೂ ಅಡ್ಡ ಕೊಳವೆಯಲ್ಲಿ ಮತ್ತು ತಿರುವಿನಲ್ಲಿ. ಒಲೆಯ ಹಿಂದೆ ಟಿ ಆಕಾರದ ಜೋಡಣೆ ಇದ್ದರೆ ಅದರ ಕೆಳಗಿನ ಮುಚ್ಚಳ ಬಿಚ್ಚಿ. ಕೆಳಗೆ ಬಕೆಟ್ ಹಿಡಿದುಕೊಂಡೇ ಬಿಚ್ಚಿ. ಕೊಳವೆಯ ಅಳತೆಗೆ ಸರಿಯಾದ ನೈಲಾನ್ ಬ್ರಶ್ಶನ್ನು ಬಾಗುವ ಸರಳಿಗೆ ಸಿಕ್ಕಿಸಿ ಕೆಳಗಿನಿಂದಲೇ ತಳ್ಳಬಹುದು. ಪಾಚಿ ಕಟ್ಟಿದ ಹೆಂಚಿನ ಮೇಲೆ ಜುಲೈನಲ್ಲಿ ಹತ್ತುವ ಸಾಹಸ ಯಾರೂ ಮಾಡಬೇಡಿ.

ಹೆಂಚಿನ ಮಾಡು ದಾಟುವ ಜಾಗ ನಮ್ಮಲ್ಲಿ ಎರಡು ರೀತಿಯ ತಲೆನೋವು. ಒಂದು, ಅಲ್ಲಿ ಪಕಾಸಿ, ರೀಪು ಇರುತ್ತವೆ. ಪೆಲೆಟ್ ಒಲೆಗೆಂದೇ ಬರುವ ಎರಡು ಪದರದ ಕೊಳವೆಯಾದರೂ ಮರದಿಂದ 3 ಇಂಚು ದೂರ ಇರಬೇಕೆಂದು ಸಾಮಾನ್ಯವಾಗಿ ಹೇಳುತ್ತಾರೆ. ಒಂದೇ ಪದರದ್ದಾದರೆ ಇನ್ನೂ ಬಹಳ ಹೆಚ್ಚು. ನಿಮ್ಮ ಕೊಳವೆಯ ಲೆಕ್ಕ ಏನೆಂದು ಅದರ ಜೊತೆ ಬಂದ ಹಾಳೆಯಲ್ಲಿ ನೋಡಿಕೊಳ್ಳಿ. ಎರಡು, ಪಶ್ಚಿಮದ ಗಾಳಿಗೆ ಮಳೆ ನೆಟ್ಟಗೆ ಬೀಳುವುದಿಲ್ಲ, ಅಡ್ಡಡ್ಡ ಬರುತ್ತದೆ. ಮೇಲಿನ ಟೊಪ್ಪಿ ಪುಟ್ಟದಿದ್ದರೆ ನೀರು ಕೊಳವೆಯೊಳಗೆ ಇಳಿದು, ಬೂದಿಯನ್ನು ಕಲಸಿ, ಟಿ ಮುಚ್ಚಳದಲ್ಲಿ ಗಟ್ಟಿ ಮುದ್ದೆ ಕಟ್ಟುತ್ತದೆ. ಮೊದಲ ಮಳೆ ಬಿದ್ದ ವಾರದಲ್ಲೇ ಆ ಮುಚ್ಚಳ ಒಮ್ಮೆ ತೆಗೆದು ನೋಡಿ.

ಬೇಸಿಗೆ ಕಳೆದು ಒಲೆ ಹಚ್ಚಿದರೆ ಹೊಗೆ ಮನೆಯೊಳಗೇ ಬರುತ್ತದೆ. ಶುಚಿ ಮಾಡಿಯೇ ಇಟ್ಟಿದ್ದೆವು!

ಕುಂಬಾರ ಹುಳವನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಕ್ಕಿಲ್ಲ. ಒಲೆಗೆ ಗಾಳಿ ತರುವ ಕೊಳವೆಯ ಬಾಯಿ ಗೋಡೆಯ ಹೊರಗೆ ತೆರೆದಿದ್ದರೆ ಆ ಹುಳಕ್ಕೆ ಅದಕ್ಕಿಂತ ಒಳ್ಳೆಯ ಮನೆ ಬೇರೆ ಇಲ್ಲ. ಮಣ್ಣು ತಂದು ಒಂದರ ಹಿಂದೊಂದು ಗೂಡು ಕಟ್ಟಿ, ಒಳಗೆ ಹಸಿರು ಕಂಬಳಿಹುಳವನ್ನೋ ಜೇಡವನ್ನೋ ತುಂಬಿ, ಬಾಯಿ ಮೆತ್ತಿ ಹೋಗಿರುತ್ತದೆ. ಟಾರ್ಚ್ ಹಾಕಿದರೆ ಕೊಳವೆಗೆ ಅಡ್ಡಲಾಗಿ ನುಣ್ಣಗೆ ಸಾರಿಸಿದ ಮಣ್ಣಿನ ಗೋಡೆ ಕಾಣುತ್ತದೆ. ತಂತಿಯಿಂದ ಒಡೆದು ತೆಗೆಯಿರಿ. ಒಲೆ ನಿಲ್ಲಿಸುವ ತಿಂಗಳುಗಳಲ್ಲಿ ಕೊಳವೆಯ ಬಾಯಿಗೆ ಬಟ್ಟೆ ಕಟ್ಟಿ, ಕಟ್ಟಿದ್ದು ಮರೆಯದಂತೆ ಒಲೆಯ ಬಾಗಿಲಿಗೆ ಒಂದು ಚೀಟಿ ಅಂಟಿಸಿ. ಹಲ್ಲಿಗಳೂ ಬೆಚ್ಚಗಿನ ಜಾಗವೆಂದು ಸರ್ಕ್ಯೂಟ್ ಬೋರ್ಡಿನ ಹಿಂದೆ ಸೇರುತ್ತವೆ. ತಾವೂ ಸಾಯುತ್ತವೆ, ಬೋರ್ಡನ್ನೂ ಕೊಲ್ಲುತ್ತವೆ.

ಬಾಗಿಲಿನ ಸುತ್ತ ಇರುವ ಹಗ್ಗ ಬದಲಿಸಬೇಕೆಂದು ಹೇಗೆ ತಿಳಿಯುವುದು?

ಒಂದು ಹಾಳೆ ಕಾಗದವನ್ನು ಬಾಗಿಲ ಸಂದಿಯಲ್ಲಿಟ್ಟು ಮುಚ್ಚಿ, ಎಳೆಯಿರಿ. ಬಿಗಿಯಾಗಿ ಬಂದರೆ ಸರಿ, ಸುಮ್ಮನೆ ಜಾರಿದರೆ ಹಗ್ಗ ಸವೆದಿದೆ. ಸುತ್ತಲೂ ಆರೆಂಟು ಕಡೆ ಹೀಗೆ ನೋಡಿ. ಅದು ಶಾಖ ತಡೆಯುವ ಗ್ಲಾಸ್ ಫೈಬರ್ ಹಗ್ಗ, ಅದರದೇ ದಪ್ಪದ್ದು ತರಿಸಿ ಶಾಖ ತಡೆಯುವ ಅಂಟಿನಲ್ಲೇ ಕೂರಿಸಬೇಕು. ಕತ್ತದ ಹಗ್ಗ ಸುತ್ತಿ ಸುಧಾರಿಸುವ ಯೋಚನೆ ಬೇಡ.

ಕರೆಂಟು ಹೋದರೆ?

ಹೋಗುತ್ತದೆ, ಮಳೆಗಾಲದಲ್ಲಿ ಮರ ಬಿದ್ದು ಒಂದಿಡೀ ದಿನವೂ ಹೋಗುತ್ತದೆ. ಹೊಗೆ ಎಳೆಯುವ ಫ್ಯಾನು ನಿಂತ ಕೂಡಲೇ ಬಟ್ಟಲಿನಲ್ಲಿ ಉಳಿದ ಪೆಲೆಟ್ ಹೊಗೆಯಾಡುತ್ತದೆ. ಒಲೆಯ ಬಾಗಿಲು ತೆರೆಯದೆ ಕೋಣೆಯ ಕಿಟಕಿ ತೆರೆಯಿರಿ. ಹೊತ್ತಿಸುವಾಗ ಕೆಲವು ನಿಮಿಷ 300–400 ವಾಟ್ ಎಳೆಯುವ ಒಲೆ, ಉರಿ ಹಿಡಿದ ಮೇಲೆ ಸಾಮಾನ್ಯವಾಗಿ 100 ವಾಟಿನ ಆಸುಪಾಸಿನಲ್ಲೇ ನಡೆಯುತ್ತದೆ. ಮನೆಯ ಇನ್ವರ್ಟರ್ ಇದನ್ನು ಹೊರಬಲ್ಲದು. ಅದು ಸೈನ್ ವೇವ್ ಇನ್ವರ್ಟರ್ ಆಗಿರಲಿ, ಅಗ್ಗದ್ದರಲ್ಲಿ ಫ್ಯಾನು ಗುರ್ ಎನ್ನುತ್ತದೆ, ಬೋರ್ಡಿಗೂ ಒಳ್ಳೆಯದಲ್ಲ.

ಅದಕ್ಕಿಂತ ದೊಡ್ಡ ವೈರಿ ಏಪ್ರಿಲ್, ಮೇ ತಿಂಗಳ ಸಿಡಿಲು. ಒಲೆ ಹಚ್ಚದ ದಿನಗಳಲ್ಲಿ ಪ್ಲಗ್ಗನ್ನು ಗೋಡೆಯಿಂದ ಕಿತ್ತೇ ಇಡಿ. ಸ್ವಿಚ್ ಆರಿಸಿದರೆ ಸಾಲದು.

ಚಿಕ್ಕ ಫ್ಯಾನಿನ ಅಡುಗೆ ಒಲೆಗೂ ಇಷ್ಟೆಲ್ಲ ಮಾಡಬೇಕೇ?

ಇಷ್ಟು ಬೇಡ. ಮೇಲಿನ ಸಾಲಿನ ತೂತುಗಳ ಕೆಳಗಿನವರೆಗೆ ಮಾತ್ರ ಪೆಲೆಟ್ ತುಂಬಿ, ಮೇಲಿನಿಂದ ಹೊತ್ತಿಸಿ. ತೂತು ಮುಚ್ಚಿದರೆ ಹೊಗೆ ಗ್ಯಾರಂಟಿ. ಉರಿಯುತ್ತಿರುವಾಗ ಮೇಲೆ ಇನ್ನಷ್ಟು ಸುರಿಯುವುದೂ ಹೊಗೆಗೇ ದಾರಿ. ಅಡುಗೆ ಮುಗಿದ ಮೇಲೆ ಉಳಿದ ಕೆಂಡಕ್ಕೆ ನೀರು ಹೊಯ್ಯಬೇಡಿ, ಒಳಗಿನ ಸೆರಾಮಿಕ್ ಪದರ ಬಿರುಕು ಬಿಡುತ್ತದೆ. ತಗಡಿನ ಡಬ್ಬಿಗೆ ಬಗ್ಗಿಸಿ ಮುಚ್ಚಳ ಹಾಕಿ ಹೊರಗಿಡಿ, ಗಾಳಿ ಸಿಗದೆ ತಾನೇ ಆರುತ್ತದೆ, ಇದ್ದಿಲೂ ಸಿಗುತ್ತದೆ. ತೂತುಗಳಿಗೆ ವಾರಕ್ಕೊಮ್ಮೆ ತಂತಿ ಆಡಿಸಿ, ಫ್ಯಾನಿನ ಬಾಯಿಯ ಧೂಳು ಒರೆಸಿ. ಒಗ್ಗರಣೆಯ ಎಣ್ಣೆ ಹಾರಿ ಧೂಳಿನ ಜೊತೆ ಸೇರಿದರೆ ಫ್ಯಾನಿನ ಎಲೆ ಭಾರವಾಗಿ ಗಾಳಿ ಕುಗ್ಗುತ್ತದೆ. ಬ್ಯಾಟರಿ ಇರುವ ಒಲೆಯನ್ನು ಬಳಸದಿದ್ದರೂ ಆಗಾಗ ಚಾರ್ಜ್ ಮಾಡುತ್ತಿರಿ.

ಅಡಿಕೆ ಸಿಪ್ಪೆ, ಗರಟೆ ಚೂರು ಮನೆಯಲ್ಲೇ ರಾಶಿ ಬಿದ್ದಿದೆ. ಪೆಲೆಟ್ ಜೊತೆ ಬೆರೆಸಬಹುದೇ?

ಹಾಪರ್ ಇರುವ ಒಲೆಗೆ ಖಂಡಿತ ಬೇಡ. ಸಿಪ್ಪೆಯ ನಾರು ಸ್ಕ್ರೂವಿಗೆ ಸುತ್ತಿಕೊಳ್ಳುತ್ತದೆ, ಗರಟೆ ಚೂರು ಅಡ್ಡ ಸಿಕ್ಕುತ್ತದೆ. ಅವಕ್ಕೆ ಬಚ್ಚಲೊಲೆ ಇದ್ದೇ ಇದೆ. ನಿಜ ಹೇಳಬೇಕೆಂದರೆ, ನಾಲ್ಕು ಎಕರೆ ತೋಟ, ಸೋಗೆ, ಸಿಪ್ಪೆ ಇರುವ ಮನೆಯವರು ದುಡ್ಡು ಕೊಟ್ಟು ಪೆಲೆಟ್ ತರುವ ಮೊದಲು ಎರಡು ಸಲ ಯೋಚಿಸಬೇಕು. ಹೊಗೆ ಬೇಡ, ಸೌದೆ ಸೀಳುವವರಿಲ್ಲ, ವಯಸ್ಸಾದ ಅಪ್ಪ ಅಮ್ಮ ಇಬ್ಬರೇ ಇದ್ದಾರೆ ಎನ್ನುವ ಮನೆಗೆ ಪೆಲೆಟ್ ಸರಿ.

ಒಲೆ ಹಚ್ಚಿದ ರಾತ್ರಿ ತಲೆನೋವು ಬರುತ್ತದೆ. ಹೊಗೆಯೇನೂ ಕಾಣುವುದಿಲ್ಲ.

ಒಲೆ ಆರಿಸಿ, ಕಿಟಕಿ ಬಾಗಿಲು ತೆರೆದು ಎಲ್ಲರೂ ಹೊರಗೆ ಬನ್ನಿ. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ತಲೆಸುತ್ತು, ವಾಕರಿಕೆ, ಅದೂ ಮನೆಮಂದಿಗೆಲ್ಲ ಒಟ್ಟಿಗೆ ಬಂದು ಹೊರಗೆ ಹೋದಾಗ ಕಡಿಮೆಯಾದರೆ ಅದರದೇ ಗುಮಾನಿ. ಆಸ್ಪತ್ರೆಗೆ ಹೋಗಿ, ಒಲೆ ಇರುವ ವಿಷಯ ಡಾಕ್ಟರಿಗೆ ಹೇಳಿ. ಚಿಮಣಿ, ಬಾಗಿಲ ಹಗ್ಗ, ಫ್ಯಾನು ಮೂರನ್ನೂ ನೋಡಿಸದೆ ಮತ್ತೆ ಹಚ್ಚಬೇಡಿ. ಚಳಿಯೆಂದು ಎಲ್ಲ ಸಂದಿಗಳನ್ನೂ ಮುಚ್ಚಿಕೊಂಡು ಮಲಗುವ ಮನೆಗಳಲ್ಲಿ ಈ ಅನಿಲ ಪತ್ತೆ ಮಾಡುವ ಅಲಾರಂ ಮಲಗುವ ಕೋಣೆಯ ಹತ್ತಿರ ಇರಲೇಬೇಕು. ಚಿಕ್ಕ ಅಡುಗೆ ಒಲೆಯನ್ನು ಮುಚ್ಚಿದ ಕೋಣೆಯಲ್ಲಿ ಮೈ ಕಾಯಿಸಿಕೊಳ್ಳಲು ಇಡುವುದಂತೂ ಜೀವಕ್ಕೇ ಅಪಾಯ.

ವರ್ಷದ ದೊಡ್ಡ ಶುಚಿ ಯಾವಾಗ ಮಾಡಿಸುವುದು?

ಯುಗಾದಿಯ ಆಸುಪಾಸಿನಲ್ಲಿ. ಚಳಿ ಮುಗಿದಿರುತ್ತದೆ, ಗಾಳಿ ಒಣಗಿರುತ್ತದೆ, ಹೆಂಚಿನ ಮೇಲೆ ಹತ್ತಬಹುದು, ಮಾಡಿನ ಕೆಲಸಕ್ಕೆ ಬಂದ ಆಳಿಂದಲೇ ಚಿಮಣಿ ಟೊಪ್ಪಿಯನ್ನೂ ನೋಡಿಸಬಹುದು. ಉರಿ ಗೂಡಿನ ಹಿಂದಿನ ತಗಡು ಕಳಚಿ ಅದರ ಹಿಂದೆ ಅಡಗಿದ ಬೂದಿ ತೆಗೆಸಿ; ಒಲೆ ಕುಂಟುವುದು ಹೆಚ್ಚಾಗಿ ಆ ಕಣ್ಣಿಗೆ ಬೀಳದ ಬೂದಿಯಿಂದ. ಹೊಗೆ ಫ್ಯಾನನ್ನು ಬಿಚ್ಚಿ ಎಲೆಗಳನ್ನು ಬ್ರಶ್ಶಿನಿಂದ ಉಜ್ಜಿ, ಜೋಡಿಸುವಾಗ ಹೊಸ ಗ್ಯಾಸ್ಕೆಟ್ ಹಾಕಬೇಕು. ಬಣ್ಣವಿಲ್ಲದ ಕಬ್ಬಿಣಕ್ಕೆ ತೆಳ್ಳಗೆ ಎಣ್ಣೆ ಒರೆಸಿಟ್ಟರೆ ತುಕ್ಕು ತಡೆಯುತ್ತದೆ. ಮುಂದೆ ಹಚ್ಚುವ ಮೊದಲ ದಿನ ವಾಸನೆ ಬರುತ್ತದೆ, ಕಿಟಕಿ ತೆರೆದಿಡಿ.

ಒಲೆಯ ಮೇಲೆ ಬಟ್ಟೆ ಒಣಗಿಸಬಹುದೇ?

ಮಳೆಗಾಲದ ಮಲೆನಾಡಿನಲ್ಲಿ ಬೇಡ ಎಂದರೆ ಯಾರು ಕೇಳುತ್ತಾರೆ! ಒಲೆಯ ಮೇಲೆ ಹಾಕದೆ, ಮೂರಡಿ ದೂರಕ್ಕೆ ಹಗ್ಗ ಕಟ್ಟಿ ಒಣಗಿಸಿ. ಬಟ್ಟೆಯ ನೂಲಿನ ಧೂಳು ಬಿಸಿಗಾಳಿ ಫ್ಯಾನಿಗೆ ಹೋಗಿ ಸೇರುತ್ತದೆ, ಹಿಂದಿನ ಜಾಲರಿಯನ್ನು ವಾರಕ್ಕೊಮ್ಮೆ ಒರೆಸುತ್ತಿರಿ.

ಬೂದಿ ತೋಟಕ್ಕೆ ಹಾಕಬಹುದೇ?

ಶುದ್ಧ ಮರದ ಪೆಲೆಟ್ ಆದರೆ ಹಾಕಬಹುದು. ಬಣ್ಣ, ಪ್ಲೈವುಡ್ ಸೇರಿದ ಅನುಮಾನವಿದ್ದರೆ ಬೇಡ. ನಮ್ಮ ಹುಳಿ ಮಣ್ಣಿಗೆ ಬೂದಿಯ ಸುಣ್ಣ, ಪೊಟ್ಯಾಷ್ ಎರಡೂ ಒಳ್ಳೆಯದೇ. ಬಾಳೆ, ಅಡಿಕೆ ಬುಡದಿಂದ ಸ್ವಲ್ಪ ದೂರಕ್ಕೆ ತೆಳ್ಳಗೆ ಎರಚಿ. ಯೂರಿಯಾ ಜೊತೆ ಒಟ್ಟಿಗೆ ಹಾಕಿದರೆ ಸಾರಜನಕ ಗಾಳಿಗೆ ಹೋಗುತ್ತದೆ. ಒಲೆಯಿಂದ ತೆಗೆದ ಬೂದಿಯನ್ನು ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ಮನೆಯ ಹೊರಗೆ, ಮರದ ನೆಲಕ್ಕೆ ತಾಗದಂತೆ, ಮೂರು ದಿನವಾದರೂ ಇಟ್ಟು ಆಮೇಲೆ ಹೊರಗೆ ಹಾಕಿ. ಮೇಲೆ ತಣ್ಣಗಿದ್ದರೂ ನಡುವೆ ಕೆಂಡ ಇರುತ್ತದೆ, ಹುಲ್ಲಿನ ಬಣವೆ ಇರುವ ಕಡೆಗೆ ಆ ಡಬ್ಬಿ ಒಯ್ಯಲೇಬೇಡಿ.